ತಾರಸಿಗೆ ಯಾವ ಸೋಲಾರ್ ಪ್ಯಾನಲ್? ಥಿನ್ ಫಿಲ್ಮ್, ಸಿಲಿಕಾನ್ ಮತ್ತು ಕಾರ್ಬನ್ ಸಾಲದ ಲೆಕ್ಕ

ಬೆಂಗಳೂರಲ್ಲಿ ಬಾಡಿಗೆ ಮನೆ ನೋಡಲು ಬಂದವರು "ಸೋಲಾರ್ ಇದೆಯಾ?" ಅಂತ ಕೇಳಿದರೆ ಅದು ಸ್ನಾನದ ಬಿಸಿನೀರಿನ ಪ್ರಶ್ನೆ. ಕರೆಂಟಿನ ಸೋಲಾರ್ ಬಗ್ಗೆ ಕೇಳುವವರು ಈಚೆಗೆ ಶುರುವಾಗಿದ್ದಾರೆ. ಕಳೆದ ವರ್ಷ ನಾನೂ ಆ ಸಾಲಿಗೆ ಸೇರಿದೆ. ನಮ್ಮದು ಥರ್ಟಿ ಫಾರ್ಟಿ ಸೈಟಿನ ಮನೆ. ಅದೇ ಹೊತ್ತಿಗೆ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ನಮ್ಮ ಭಾವ ಕೂಡ ಶೆಡ್ ಮೇಲೆ ಪ್ಯಾನಲ್ ಹಾಕಿಸಲು ಹೊರಟರು.

"ಥಿನ್ ಫಿಲ್ಮ್ ಹಾಕಿಸೋ, ಪರಿಸರಕ್ಕೆ ಅದೇ ಒಳ್ಳೇದಂತೆ. ಸಿಲಿಕಾನ್ ಮಾಡೋಕೆ ಸಿಕ್ಕಾಪಟ್ಟೆ ಕಲ್ಲಿದ್ದಲು ಸುಡ್ತಾರಂತೆ" ಅಂದರು ಭಾವ. ಅಡುಗೆಮನೆಯಿಂದಲೇ ಅಕ್ಕ, "ಅದರಲ್ಲಿ ಕ್ಯಾಡ್ಮಿಯಂ ಇರುತ್ತಂತಲ್ಲ, ವಿಷ ಅಲ್ವಾ?" ಅಂದಳು.

ಸಿಲಿಕಾನ್ ಅಂದರೆ ಬಿಲ್ಲೆ ಬಿಲ್ಲೆ ಜೋಡಿಸಿದ ಮಾಮೂಲಿ ಪ್ಯಾನಲ್, ಥಿನ್ ಫಿಲ್ಮ್ ಅಂದರೆ ಬಿಲ್ಲೆ ಇಲ್ಲದೆ ತೀರಾ ತೆಳುವಾದ ಪದರ ಕೂರಿಸಿ ಮಾಡಿದ್ದು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಅಷ್ಟು ಕೇಳಿಕೊಂಡು ಪ್ಯಾನಲ್ ಆರಿಸಿದರೆ ಎಡವುತ್ತೀರಿ. ನಾನು ಕೂತು ಹಾಕಿದ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತೇನೆ.

ಪ್ಯಾನಲ್ ಸಾಲ ಹೊತ್ತೇ ಬರುತ್ತೆ

ಜೀವನಚಕ್ರದ ಲೆಕ್ಕ ಅಂದರೆ ಭಾರೀ ಮಾತಿನ ಹಾಗೆ ಕೇಳುತ್ತೆ. ವಿಷಯ ಸರಳ. ಗಣಿಯಿಂದ ಕಲ್ಲು ತೆಗೆದ ದಿನದಿಂದ ಹಿಡಿದು, ಕಾರ್ಖಾನೆ, ಹಡಗು, ಲಾರಿ, ತಾರಸಿ ಎಲ್ಲ ದಾಟಿ, ಕೊನೆಗೆ ಗುಜರಿ ಸೇರುವ ದಿನದವರೆಗೆ ಎಷ್ಟು ಹೊಗೆ, ಎಷ್ಟು ನೀರು, ಎಷ್ಟು ವಿಷ ಅಂತ ಕೂಡುವುದು. ಹೀಗೇ ಕೂಡಬೇಕು ಅಂತ ಐಎಸ್‌ಒ 14040, 14044 ಅನ್ನುವ ಎರಡು ಮಾನದಂಡಗಳಿವೆ. ಕೂಡಿದ್ದನ್ನು ಆ ಪ್ಯಾನಲ್ ಜೀವಮಾನದಲ್ಲಿ ಕೊಡುವ ಒಟ್ಟು ಯೂನಿಟ್‌ಗಳಿಂದ ಭಾಗಿಸಿದರೆ ಒಂದು ಯೂನಿಟ್‌ಗೆ ಇಷ್ಟು ಗ್ರಾಂ ಅಂತ ಉತ್ತರ ಬರುತ್ತೆ.

ನನಗೆ ಇದು ಸಾಲದ ಪುಸ್ತಕದ ಹಾಗೆ ಕಾಣುತ್ತೆ. ಪ್ಯಾನಲ್ ತಾರಸಿ ಹತ್ತುವಾಗಲೇ ಒಂದಿಷ್ಟು ಕಾರ್ಬನ್ ಸಾಲ ಹೊತ್ತಿರುತ್ತೆ. ಆಮೇಲೆ ದಿನಾ ಬಿಸಿಲು ಕುಡಿದು ಸ್ವಲ್ಪ ಸ್ವಲ್ಪ ತೀರಿಸುತ್ತೆ. ನಮ್ಮ ದೇಶದ ಗ್ರಿಡ್ ಕರೆಂಟಿನ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ವರ್ಷಕ್ಕೆ ಹೆಚ್ಚುಕಮ್ಮಿ 1400 ಯೂನಿಟ್ ಕೊಡುತ್ತೆ. ಅಂದರೆ ಪ್ರತಿ ಕಿಲೋವ್ಯಾಟ್ ವರ್ಷಕ್ಕೆ ಸುಮಾರು ಒಂದು ಟನ್ ತೀರಿಸುತ್ತೆ. ಈ ಎರಡು ಸಂಖ್ಯೆ ತಲೆಯಲ್ಲಿರಲಿ, ಮುಂದೆ ಎಲ್ಲ ಕಡೆ ಬೇಕಾಗುತ್ತೆ.

ಸಿಲಿಕಾನ್ ಪ್ಯಾನಲ್‌ನ ಸಾಲ ಯಾಕೆ ದೊಡ್ಡದು? ಬೆಣಚು ಕಲ್ಲನ್ನು ಇದ್ದಿಲ ಜೊತೆ ಕುಲುಮೆಯಲ್ಲಿ ಕಾಯಿಸಿ ಸಿಲಿಕಾನ್ ತೆಗೆಯುತ್ತಾರೆ. ಅದು ಶುದ್ಧ ಇರಲ್ಲ. ಅದನ್ನು ಅನಿಲ ಮಾಡಿ, 1000 ಡಿಗ್ರಿಗಿಂತ ಜಾಸ್ತಿ ಬಿಸಿಯ ಸರಳುಗಳ ಮೇಲೆ ಮತ್ತೆ ಗಟ್ಟಿ ಮಾಡುತ್ತಾರೆ. ಆಮೇಲೆ ಮೂರನೇ ಸಲ, 1414 ಡಿಗ್ರಿ ದಾಟಿಸಿ ಕರಗಿಸಿ ಉದ್ದನೆಯ ದಿಮ್ಮಿ ಎಳೆಯುತ್ತಾರೆ. ಒಂದೇ ಪಾಯಸಕ್ಕೆ ಮೂರು ಸಲ ಒಲೆ ಹಚ್ಚಿದ ಹಾಗೆ. ಆ ದಿಮ್ಮಿಯನ್ನು ತಂತಿ ಗರಗಸದಲ್ಲಿ ಹಪ್ಪಳದ ಹಾಗೆ ಕೊಯ್ಯುವಾಗ ಒಂದು ದೊಡ್ಡ ಪಾಲು ಪುಡಿಯಾಗಿ ಹೋಗುತ್ತೆ. ಇಷ್ಟೆಲ್ಲ ಆಗುವುದು ಬಹುಪಾಲು ಚೀನಾದಲ್ಲಿ, ಕಲ್ಲಿದ್ದಲ ಕರೆಂಟಿನಲ್ಲಿ. ಹಾಗಾಗಿ ಅಲ್ಲಿಂದ ಬರುವ ಮೊನೊ, ಅಂದರೆ ಒಂದೇ ಹರಳಿನ, ಸಿಲಿಕಾನ್ ಪ್ಯಾನಲ್ ಒಂದು ಕಿಲೋವ್ಯಾಟ್‌ಗೆ 700ರಿಂದ 800 ಕಿಲೋ ಸಾಲ ಹೊತ್ತಿರುತ್ತೆ. ನಮ್ಮ ದೇಶದಲ್ಲೇ ಮಾಡಿದರೂ ತುಂಬಾ ಇಳಿಯಲ್ಲ. ನಮ್ಮ ಗ್ರಿಡ್ ಕೂಡ ಕಲ್ಲಿದ್ದಲದ್ದೇ ಅಲ್ವಾ.

ಥಿನ್ ಫಿಲ್ಮ್‌ನಲ್ಲಿ ಈ ಒಲೆಗಳೇ ಇಲ್ಲ. ಗಾಜಿನ ಮೇಲೆ ನೇರವಾಗಿ ಆವಿಯ ಪದರ ಕೂರಿಸುತ್ತಾರೆ. ಸಿಲಿಕಾನ್ ಬಿಲ್ಲೆ ನೂರೈವತ್ತು ಮೈಕ್ರಾನ್ ಆಸುಪಾಸು ದಪ್ಪ. ಥಿನ್ ಫಿಲ್ಮ್‌ನ ಒಂದು ಬಗೆಯಾದ ಕ್ಯಾಡ್ಮಿಯಂ ಟೆಲ್ಯುರೈಡ್ ಪದರ ಬರೀ ಎರಡು ಮೂರು ಮೈಕ್ರಾನ್. ತಲೆಕೂದಲನ್ನು ಉದ್ದಕ್ಕೆ ಇಪ್ಪತ್ತು ಮೂವತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು. ಗಾಜು ಒಳಗೆ ಹೋಗಿ ಪ್ಯಾನಲ್ ಹೊರಗೆ ಬರಲು ಕೆಲವೇ ಗಂಟೆ ಸಾಕು. ಇವುಗಳಲ್ಲಿ ಒಳ್ಳೆಯವು ಕಿಲೋವ್ಯಾಟ್‌ಗೆ 400 ಕಿಲೋಗಿಂತ ಕೆಳಗೆ ನಿಲ್ಲುತ್ತವೆ.

ಹಾಗಾದರೆ ಭಾವನೇ ಗೆದ್ದರು ಅಂತೀರಾ? ಸ್ವಲ್ಪ ತಡೆಯಿರಿ.

ಥಿನ್ ಫಿಲ್ಮ್ ಅಂದರೆ ಒಂದೇ ಜಾತಿ ಅಲ್ಲ

ಕಿರಾಣಿ ಅಂಗಡಿಯ ಕ್ಯಾಲ್ಕುಲೇಟರ್ ನೆತ್ತಿಯ ಮೇಲೆ ಕಂದು ಬಣ್ಣದ ಪಟ್ಟಿ ನೋಡಿದ್ದೀರಲ್ಲ, ಅದು ಅಮಾರ್ಫಸ್ ಸಿಲಿಕಾನ್. ತಾರಸಿಗೆ ಇದನ್ನು ಯಾರಾದರೂ ಮಾರಲು ಬಂದರೆ ಬೇಡ ಅನ್ನಿ. ಬಿಸಿಲಿಗೆ ಬಂದ ಮೊದಲ ಕೆಲವು ತಿಂಗಳಲ್ಲೇ ಇದರ ಶಕ್ತಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿಯಬಹುದು. ಉಳಿದದ್ದರಲ್ಲೂ ದಕ್ಷತೆ, ಅಂದರೆ ಬಿದ್ದ ಬಿಸಿಲಲ್ಲಿ ಕರೆಂಟಾಗುವ ಪಾಲು, ನೂರಕ್ಕೆ ಆರೇಳು. ಪರಿಸರದ ಲೆಕ್ಕದಲ್ಲಿ ಇದಕ್ಕೊಂದು ಗುಟ್ಟಿನ ಖರ್ಚೂ ಇದೆ. ಪದರ ಕೂರಿಸುವ ಪೆಟ್ಟಿಗೆಯನ್ನು ತೊಳೆಯಲು ನೈಟ್ರೋಜನ್ ಟ್ರೈಫ್ಲೋರೈಡ್ ಅನ್ನುವ ಅನಿಲ ಬಳಸುತ್ತಾರೆ. ಅದು ಇಂಗಾಲದ ಡೈಆಕ್ಸೈಡ್‌ಗಿಂತ ಹದಿನಾರು ಸಾವಿರ ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುತ್ತೆ. ಕಾರ್ಖಾನೆಯವರು ಅದನ್ನು ಸರಿಯಾಗಿ ಸುಟ್ಟು ಬಿಟ್ಟರೋ ಹಾಗೇ ಬಿಟ್ಟರೋ ಅನ್ನುವುದರ ಮೇಲೆ ಇಡೀ ಲೆಕ್ಕ ತಲೆಕೆಳಗಾಗುತ್ತೆ.

ಎರಡನೆಯದು ಸಿಗ್ಸ್. ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಸೇರಿಸಿದ್ದು. ಬಾಗುವ ಹಾಳೆಯಾಗಿಯೂ ಬರುತ್ತೆ. ವಸ್ತು ಒಳ್ಳೆಯದೇ, ಆದರೆ ಮಾಡುವವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಈ ದಾರಿಯಲ್ಲಿ ದೊಡ್ಡ ಹೆಸರಾಗಿದ್ದ ಜಪಾನಿನ ಸೋಲಾರ್ ಫ್ರಾಂಟಿಯರ್ 2022ರಲ್ಲಿ ತನ್ನ ಥಿನ್ ಫಿಲ್ಮ್ ತಯಾರಿಕೆ ನಿಲ್ಲಿಸಿತು. 25 ವರ್ಷದ ವಾರಂಟಿ ಕಾಗದ ಇಟ್ಟುಕೊಂಡು ಯಾರ ಹತ್ತಿರ ಹೋಗೋದು?

ಪೆರೊವ್‌ಸ್ಕೈಟ್ ಬಗ್ಗೆ ಪತ್ರಿಕೆಯಲ್ಲಿ ಓದಿರುತ್ತೀರಿ. ಅದೂ ಥಿನ್ ಫಿಲ್ಮೇ, ಹೊಸ ಬಗೆಯದ್ದು, ಇನ್ನೂ ತೇವಕ್ಕೆ ಹೆದರುವ ಕೂಸು. ನಮ್ಮ ಮಳೆಗಾಲಕ್ಕೆ ಈಗಲೇ ಬೇಡ.

ನಿಜವಾಗಿ ಸಿಲಿಕಾನ್ ಎದುರು ನಿಲ್ಲುವುದು ಕ್ಯಾಡ್ಮಿಯಂ ಟೆಲ್ಯುರೈಡ್ ಒಂದೇ. ಇದನ್ನು ಮಾಡುವ ಫಸ್ಟ್ ಸೋಲಾರ್ ಕಂಪನಿಯ ಕಾರ್ಖಾನೆ ಚೆನ್ನೈ ಹತ್ತಿರವೇ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 3.3 ಗಿಗಾವ್ಯಾಟ್ ಸಾಮರ್ಥ್ಯ. ಆದರೆ ಅದು ಮುಖ್ಯವಾಗಿ ದೊಡ್ಡ ದೊಡ್ಡ ಸೋಲಾರ್ ಪಾರ್ಕುಗಳ ಸರಕು. ಮನೆಗೆ ಎಂಟು ಪ್ಯಾನಲ್ ಕೊಡಿ ಅಂತ ಕೇಳಿದರೆ ಸಿಗುವುದು ಕಷ್ಟ. ನಾನು ಬೆಂಗಳೂರಲ್ಲಿ ಕೇಳಿದ ನಾಲ್ಕೂ ಕಡೆ ತೋರಿಸಿದ್ದು ಮೊನೊ ಪರ್ಕ್, ಇಲ್ಲವೇ ಟಾಪ್‌ಕಾನ್. ಎರಡೂ ಸಿಲಿಕಾನೇ.

ಅಕ್ಕನ ಪ್ರಶ್ನೆ: ಕ್ಯಾಡ್ಮಿಯಂ

ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕ್ಯಾಡ್ಮಿಯಂ ವಿಷ, ನಿಜ. ಆದರೆ ಯಾರೂ ಪ್ಯಾನಲ್‌ಗಾಗಿ ಕ್ಯಾಡ್ಮಿಯಂ ಗಣಿ ಅಗೆಯುವುದಿಲ್ಲ. ಸತು ಶುದ್ಧ ಮಾಡುವಾಗ ಅದು ತಾನಾಗಿಯೇ ಹೊರಬರುತ್ತೆ. ಟೆಲ್ಯುರಿಯಂ ಕೂಡ ಹಾಗೆಯೇ, ತಾಮ್ರ ಶುದ್ಧ ಮಾಡುವಾಗ ಉಳಿಯುವ ಕೆಸರಿನಿಂದ ಬರುತ್ತೆ. ತಗಡಿಗೆ ಸತುವಿನ ಲೇಪ ಬೇಕು ಅನ್ನುವವರೆಗೆ ಕ್ಯಾಡ್ಮಿಯಂ ಬರುತ್ತಲೇ ಇರುತ್ತೆ. ಅದನ್ನು ಎರಡು ಗಾಜಿನ ನಡುವೆ 25 ವರ್ಷ ಕೂಡಿಹಾಕುವುದೋ, ಗುಡ್ಡೆ ಹಾಕಿ ಇಡುವುದೋ ಅನ್ನುವುದಷ್ಟೇ ಪ್ರಶ್ನೆ.

ಒಂದು ಚದರ ಮೀಟರ್ ಪ್ಯಾನಲ್‌ನಲ್ಲಿ ಇರುವುದು ಕೆಲವು ಗ್ರಾಂ. ಅದೂ ಬಿಡಿ ಕ್ಯಾಡ್ಮಿಯಂ ಅಲ್ಲ, ಟೆಲ್ಯುರಿಯಂ ಜೊತೆ ಗಟ್ಟಿಯಾಗಿ ಸೇರಿದ ಸಂಯುಕ್ತ. ನೀರಲ್ಲಿ ಕರಗುವುದು ತೀರಾ ಕಡಿಮೆ, ಬೆಂಕಿಯಲ್ಲಿ ಕರಗಲು 1000 ಡಿಗ್ರಿ ದಾಟಬೇಕು. ಬೆಂಕಿ ಬಿದ್ದರೆ ಏನಾಗುತ್ತೆ ಅಂತ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಸುಟ್ಟೇ ನೋಡಿದ್ದಾರೆ. ಗಾಜು ಕರಗಿ ಸುತ್ತಿಕೊಂಡು, ನೂರಕ್ಕೆ 99ಕ್ಕೂ ಜಾಸ್ತಿ ಕ್ಯಾಡ್ಮಿಯಂ ಒಳಗೇ ಉಳಿಯಿತು. ಇನ್ನೊಂದು ಕಡೆ, ಕಲ್ಲಿದ್ದಲು ಉರಿದಾಗಲೂ ಕ್ಯಾಡ್ಮಿಯಂ ಗಾಳಿಗೆ ಹೋಗುತ್ತೆ. ಯೂನಿಟ್ ಲೆಕ್ಕದಲ್ಲಿ ಅದು ಈ ಪ್ಯಾನಲ್‌ನ ಇಡೀ ಜೀವನಚಕ್ರದಲ್ಲಿ ಗಾಳಿಗೆ ಹೋಗುವುದಕ್ಕಿಂತ ಹಲವು ಪಟ್ಟು. ರಾಯಚೂರಿನ 1720 ಮೆಗಾವ್ಯಾಟ್ ಸ್ಥಾವರದ ಹೊಗೆಗೊಳವೆಗೆ ನಾವು ಯಾರೂ "ವಿಷ" ಅಂತ ಬೋರ್ಡು ಹಾಕಿಲ್ಲ.

ಆದರೆ ಅಕ್ಕನ ಭಯಕ್ಕೆ ಒಂದು ಗಟ್ಟಿ ಕಾರಣ ಇದೆ: ಗುಜರಿ. ಗುಜರಿಯವನಿಗೆ ಬೇಕಾಗಿರುವುದು ಅಲ್ಯುಮಿನಿಯಂ ಚೌಕಟ್ಟು ಮತ್ತು ತಾಮ್ರದ ವೈರು. ಗಾಜನ್ನು ಸುತ್ತಿಗೆಯಲ್ಲಿ ಒಡೆದು ಖಾಲಿ ಸೈಟಿಗೆ ಸುರಿಯುತ್ತಾನೆ. ಪುಡಿಯಾದ ಗಾಜಿನಿಂದ, ಹುಳಿ ನೀರಿನಲ್ಲಿ ನೆನೆದಾಗ, ಕ್ಯಾಡ್ಮಿಯಂ ನಿಧಾನಕ್ಕೆ ಬಿಡಬಹುದು. ಸಿಲಿಕಾನ್ ಪ್ಯಾನಲ್ ಏನೂ ಹಾಲಿನಂಥದ್ದಲ್ಲ, ಅದರ ಬೆಸುಗೆಯಲ್ಲಿ ಸೀಸ ಇರುತ್ತೆ. ಸೀಸದ ಬಗ್ಗೆ ಮಾತ್ರ ಯಾರೂ ಕೇಳುವುದೇ ಇಲ್ಲ.

ಇಲ್ಲಿ ಥಿನ್ ಫಿಲ್ಮ್‌ಗೆ ಒಂದು ಅನುಕೂಲ ಇದೆ. ಮಾಡುವ ಕಂಪನಿ ಒಂದೇ ದೊಡ್ಡದಾದ್ದರಿಂದ ಅವರೇ ಹಳೆಯದನ್ನು ವಾಪಸ್ ತಗೊಂಡು, ಅದರ ಅರೆವಾಹಕ ವಸ್ತುವಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬೇರ್ಪಡಿಸಿ ಮತ್ತೆ ಬಳಸುತ್ತಾರೆ. ಸಿಲಿಕಾನ್‌ಗೆ ಅಂಥ ಪಕ್ಕಾ ದಾರಿ ಇನ್ನೂ ಬೇರೂರಿಲ್ಲ. ನಮ್ಮಲ್ಲಿ 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನಲ್‌ನೂ ಸೇರಿಸಿದ್ದಾರೆ. ಆದರೆ ತಯಾರಕರು 2034-35ರವರೆಗೆ ಬರುವ ತ್ಯಾಜ್ಯವನ್ನು ಸದ್ಯಕ್ಕೆ ಕೂಡಿಡಬೇಕು ಅನ್ನುವುದೇ ಅದರ ಮುಖ್ಯ ಮಾತು.

ತಾರಸಿ ಅಳತೆ ಹಿಡಿದ ಮೇಲೆ ಆಟವೇ ಬದಲು

ಒಂದು ಭಾನುವಾರ ಟೇಪು ಹಿಡಿದು ಮೇಲೆ ಹೋದೆ. ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರ್, ಬಟ್ಟೆ ಒಣಹಾಕುವ ತಂತಿ, ಮೆಟ್ಟಿಲ ಕೋಣೆಯ ನೆರಳು ಎಲ್ಲ ಬಿಟ್ಟು ಉಳಿದದ್ದು ಹತ್ತಿರ ಹತ್ತಿರ 300 ಚದರ ಅಡಿ. ಅಂದರೆ 28 ಚದರ ಮೀಟರ್.

ಇಷ್ಟೂ ಜಾಗದಲ್ಲಿ ಒತ್ತಾಗಿ ಪ್ಯಾನಲ್ ಹಾಕಿದರೆ, 22 ಶೇಕಡ ದಕ್ಷತೆಯ ಮೊನೊ 6.1 ಕಿಲೋವ್ಯಾಟ್ ಕೂರುತ್ತೆ. 19 ಶೇಕಡದ ಕ್ಯಾಡ್ಮಿಯಂ ಟೆಲ್ಯುರೈಡ್ 5.3. ಕ್ಯಾಲ್ಕುಲೇಟರ್ ಜಾತಿಯದ್ದು ಎರಡು ಕಿಲೋವ್ಯಾಟ್ ಮುಟ್ಟಿದರೆ ಪುಣ್ಯ.

ಈಗ ಸಾಲ ನೋಡಿ. ಮೊನೊ ಹೊತ್ತು ತರುವುದು ಸುಮಾರು 4.6 ಟನ್. ಥಿನ್ ಫಿಲ್ಮ್ 2.1 ಟನ್. ಎರಡೂವರೆ ಟನ್ ವ್ಯತ್ಯಾಸ. ಆದರೆ ಮೊನೊದಲ್ಲಿ 0.8 ಕಿಲೋವ್ಯಾಟ್ ಜಾಸ್ತಿ ಇದೆಯಲ್ಲ, ಅದು ವರ್ಷಕ್ಕೆ 1120 ಯೂನಿಟ್ ಜಾಸ್ತಿ ಕೊಡುತ್ತೆ. ಅಂದರೆ ಸುಮಾರು 780 ಕಿಲೋ ಹೆಚ್ಚುವರಿ ತೀರುವಳಿ. ಮೂರು ವರ್ಷ ಚಿಲ್ಲರೆಗೆ ವ್ಯತ್ಯಾಸ ಪೂರ್ತಿ ಮುಗಿದು, ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಮೊನೊನೇ ಮುಂದೆ. ಗ್ರಿಡ್ ಹಸಿರಾಗುತ್ತಾ ಹೋದರೆ ಈ ಮೂರು ನಾಲ್ಕಾಗಬಹುದು, ಐದಾಗಬಹುದು. ಫಲಿತಾಂಶ ಬದಲಾಗಲ್ಲ.

ಅದೇ, ನಿಮಗೆ ಮೂರು ಕಿಲೋವ್ಯಾಟ್ ಸಾಕು, ಜಾಗ ಬೇಕಾದಷ್ಟಿದೆ ಅನ್ನಿ. ಆಗ ಥಿನ್ ಫಿಲ್ಮ್ ಗೆಲ್ಲುತ್ತೆ, ಒಂದು ಟನ್‌ನಷ್ಟು. ಒಂದು ಟನ್ ಅಂದರೆ ಆ ಮೂರು ಕಿಲೋವ್ಯಾಟ್‌ನ ನಾಲ್ಕು ತಿಂಗಳ ದುಡಿಮೆ. 25 ವರ್ಷದಲ್ಲಿ ನಾಲ್ಕು ತಿಂಗಳು! ಪಕ್ಕದ ಸೈಟಿನವರು ಇನ್ನೊಂದು ಅಂತಸ್ತು ಎತ್ತಿ ನಿಮ್ಮ ಪ್ಯಾನಲ್ ಮೇಲೆ ನೂರಕ್ಕೆ ಹತ್ತು ನೆರಳು ಬಿದ್ದರೆ ಮೂರೂವರೆ ವರ್ಷದಲ್ಲಿ ಆ ಇಡೀ ಲಾಭ ಹೋಯಿತು.

ಇನ್ನೊಂದು ನಮ್ಮ ಊರಿನ ಚಾಳಿ: ಪ್ಯಾನಲ್ ಕೆಳಗೆ ಓಡಾಡಬೇಕು, ಹಪ್ಪಳ ಒಣಗಿಸಬೇಕು ಅಂತ ಎಂಟು ಹತ್ತು ಅಡಿ ಎತ್ತರದ ಕಬ್ಬಿಣದ ಸ್ಟ್ರಕ್ಚರ್ ಎಬ್ಬಿಸುವುದು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್. ಎತ್ತರಕ್ಕೋಸ್ಕರ ಇನ್ನೂರು ಕಿಲೋ ಉಕ್ಕು ಜಾಸ್ತಿ ಹಾಕಿದರೆ ಅರ್ಧ ಟನ್ ಸಾಲ ಮೇಲೆ ಬಿತ್ತು. ಯಾವ ಪ್ಯಾನಲ್ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಇದನ್ನು ಐದು ನಿಮಿಷದಲ್ಲಿ ಒಪ್ಪಿಬಿಡುತ್ತಾರೆ. ನಾನೂ ಒಪ್ಪಿದ್ದೆ. ಆಮೇಲೆ ಎತ್ತರ ಇಳಿಸಿದೆ.

ಪಾವಗಡದ ಸೋಲಾರ್ ಪಾರ್ಕಿನಂಥ ಕಡೆ ಮಾತೇ ಬೇರೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್. ಜಾಗಕ್ಕೆ ಕಷ್ಟ ಇಲ್ಲ, ಬಿಸಿಲೂ ಜೋರು. ಅಂಥಲ್ಲಿ ನನ್ನ ಓಟು ಥಿನ್ ಫಿಲ್ಮ್‌ಗೆ. ಬಿಸಿಯಲ್ಲಿ ಥಿನ್ ಫಿಲ್ಮ್ ಕಡಿಮೆ ಸೊರಗುತ್ತೆ ಅನ್ನುವ ಜಾಹೀರಾತೂ ಅಂಥ ಕಡೆಗೆ, ಅದಕ್ಕಿಂತ ರಾಯಚೂರು ಕಲಬುರಗಿಗೆ, ಒಪ್ಪುತ್ತೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಪ್ಯಾನಲ್ 60 ಡಿಗ್ರಿ ಕಾದಾಗಲೂ ಎರಡರ ನಡುವಿನ ವ್ಯತ್ಯಾಸ ನೂರಕ್ಕೆ ಎರಡನ್ನು ಮುಟ್ಟುವುದು ಕಷ್ಟ.

ಕಾಗದದಲ್ಲಿ ಬರೆದ ಗ್ರಾಂ ನಂಬುವ ಮುಂಚೆ

ಕಂಪನಿಗಳು ಈಗ ಪರಿಸರ ಘೋಷಣೆ ಅಂತ ಒಂದು ದಾಖಲೆ ಕೊಡುತ್ತವೆ, ಇಪಿಡಿ ಅನ್ನುತ್ತಾರೆ. ಕೇಳಿ ಪಡೆಯಿರಿ. ಆದರೆ ಗ್ರಾಂ ನೋಡುವ ಮುಂಚೆ ಯಾವ ಊರಿನ ಬಿಸಿಲು ಹಿಡಿದಿದ್ದಾರೆ ಅಂತ ನೋಡಿ. 2012ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಯೋಜನೆಯೊಂದರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಂದೇ ತಕ್ಕಡಿಗೆ ತಂದರು. ಸಿಲಿಕಾನ್‌ಗೆ ಯೂನಿಟ್‌ಗೆ 45 ಗ್ರಾಂ, ಕ್ಯಾಡ್ಮಿಯಂ ಟೆಲ್ಯುರೈಡ್‌ಗೆ 14 ಗ್ರಾಂ ಅಂತ ಬಂತು. ಮೂರು ಪಟ್ಟು! ಆದರೆ ಸಿಲಿಕಾನ್ ಲೆಕ್ಕಕ್ಕೆ ಹಿಡಿದ ಬಿಸಿಲು ಚದರ ಮೀಟರ್‌ಗೆ ವರ್ಷಕ್ಕೆ 1700 ಯೂನಿಟ್. ಥಿನ್ ಫಿಲ್ಮ್‌ಗೆ 2400, ಮರುಭೂಮಿ ಬಿಸಿಲು. ಬೆಂಗಳೂರಿನ ಬಿಸಿಲು ಇವೆರಡರ ನಡುವೆ, 1950ರ ಆಸುಪಾಸು. ನಮ್ಮ ಬಿಸಿಲಿಗೆ ಇಳಿಸಿದರೆ ಅದು 39 ಮತ್ತು 17 ಆಗುತ್ತೆ. ಜೊತೆಗೆ ಆಗಿನ ಸಿಲಿಕಾನ್ ಪ್ಯಾನಲ್ ದಕ್ಷತೆ 14 ಶೇಕಡ, ಈಗ 22. ಅಂತರ ಇನ್ನೂ ಇದೆ, ಆದರೆ ಜಾಹೀರಾತು ಹೇಳುವಷ್ಟಿಲ್ಲ.

ಎಷ್ಟು ವರ್ಷದ ಆಯಸ್ಸು ಹಿಡಿದಿದ್ದಾರೆ ಅನ್ನುವುದನ್ನೂ ನೋಡಿ. ಆಯಸ್ಸು ಅರ್ಧವಾದರೆ ಯೂನಿಟ್‌ಗೆ ಬೀಳುವ ಗ್ರಾಂ ದುಪ್ಪಟ್ಟು.

ಈ ಪಾಠ ನನಗೆ ದುಡ್ಡು ಕೊಟ್ಟೇ ಬಂತು. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ "ಥಿನ್ ಫಿಲ್ಮ್ ಫ್ಲೆಕ್ಸಿಬಲ್" ಅಂತ ಬರೆದಿದ್ದ ನೂರು ವ್ಯಾಟಿನ ಹಾಳೆ ತರಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿನ ತಗಡಿಗೆ ಅಂಟಿಸಿದೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಮೇಲಿನ ಪ್ಲಾಸ್ಟಿಕ್ ಮಂಜಾಗಿ ಗುಳ್ಳೆ ಎದ್ದಿತ್ತು. ಮೂಲೆಯಲ್ಲಿ ಒಂದು ಕಡೆ ಕಾವಲಿಗೆ ಹಿಡಿದ ದೋಸೆಯ ಹಾಗೆ ಕಂದು ಕಲೆ. ತಗಡಿಗೆ ಅಂಟಿದ್ದರಿಂದ ಕೆಳಗೆ ಗಾಳಿಯಾಡದೆ ಬೆಂದುಹೋಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಹತ್ತಿರದಿಂದ ನೋಡಿದರೆ ಒಳಗೆ ಅಚ್ಚುಕಟ್ಟಾದ ಚೌಕ ಚೌಕ ಬಿಲ್ಲೆ, ಅದರ ಮೇಲೆ ಬೆಳ್ಳಿ ಗೆರೆ. ಥಿನ್ ಫಿಲ್ಮೇ ಅಲ್ಲ! ಪ್ಲಾಸ್ಟಿಕ್ ಹೊದಿಸಿದ ಮಾಮೂಲಿ ಮೊನೊ. ಗಾಜಿನ ಥಿನ್ ಫಿಲ್ಮ್ ಆದರೆ ಚೌಕ ಕಾಣಲ್ಲ, ಇಡೀ ಹಲಗೆ ಕರಿ ಕನ್ನಡಿಯ ಹಾಗೆ, ಉದ್ದಕ್ಕೆ ಕೂದಲಂಥ ಗೆರೆ ಮಾತ್ರ. ಕೊಳ್ಳುವಾಗ ಇದೊಂದು ನೋಡಿಕೊಳ್ಳಿ.

ಕೊನೆಗೆ ನಾವು ಮಾಡಿದ್ದು

ನಾನು ಹಾಕಿಸಿದ್ದು ಮೂರು ಕಿಲೋವ್ಯಾಟ್ ಮೊನೊ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಬೇಕಿದ್ದರೆ ಭಾರತದಲ್ಲೇ ಮಾಡಿದ ಸೆಲ್, ಭಾರತದಲ್ಲೇ ಮಾಡಿದ ಪ್ಯಾನಲ್ ಆಗಿರಬೇಕು. ಅಂಗಡಿಯಲ್ಲಿ ಹಾಗೆ ಸಿಕ್ಕಿದ್ದು ಸಿಲಿಕಾನೇ. ಮುಂದೆ ಸ್ಕೂಟರ್ ಚಾರ್ಜಿಂಗ್‌ಗೆ ಅಂತ ಇನ್ನೆರಡು ಕಿಲೋವ್ಯಾಟ್‌ಗೆ ಜಾಗ ಉಳಿಸಿಕೊಂಡಿದ್ದೇನೆ. ಕಡಿಮೆ ದಕ್ಷತೆಯದ್ದು ಹಾಕಿದ್ದರೆ ಆ ಜಾಗ ಇಕ್ಕಟ್ಟಾಗುತ್ತಿತ್ತು.

ಭಾವನ ಶೆಡ್ಡಿನದು ತೂಕದ ತೊಂದರೆ. ಹಳೆಯ ಸಿಮೆಂಟ್ ಶೀಟು ಗಾಜಿನ ಪ್ಯಾನಲ್ ತಡೆಯಲ್ಲ ಅಂತ ನೋಡಿದವರು ಹೇಳಿದರು. ಹಗುರ ಇರುತ್ತೆ ಅಂತ ಬಾಗುವ ಹಾಳೆ ಅಂಟಿಸಲು ಅವರು ತಯಾರಾಗಿದ್ದರು. ನಾನು ನನ್ನ ಗುಳ್ಳೆ ಎದ್ದ ಹಾಳೆ ತಗೊಂಡು ಹೋಗಿ ಟೇಬಲ್ ಮೇಲಿಟ್ಟೆ. "ಭಾವ, ಈ ಶೀಟು ಇನ್ನೆಷ್ಟು ವರ್ಷ ಬರುತ್ತೆ?" ಅಂದೆ. "ಐದಾರು ವರ್ಷ ಬಂದ್ರೆ ಹೆಚ್ಚು" ಅಂದರು. ಅಂಟಿಸಿದ ಪ್ಯಾನಲ್ ಶೀಟಿನ ಜೊತೆಗೇ ಹೋಗುತ್ತೆ, ಕಿತ್ತರೆ ಹರಿಯುತ್ತೆ. ಈಗ ಅವರು ಮೊದಲು ಚಾವಣಿ ಬದಲಿಸಿ, ಲೋಹದ ಶೀಟು ಹಾಕಿಸಿ, ಅದಕ್ಕೆ ಕ್ಲಾಂಪ್ ಹಾಕಿ ಗಾಜಿನ ಪ್ಯಾನಲ್ ಕೂರಿಸುವ ಯೋಚನೆಯಲ್ಲಿದ್ದಾರೆ. ಆ ಹೊತ್ತಿಗೆ ಥಿನ್ ಫಿಲ್ಮ್ ಚಿಲ್ಲರೆಯಾಗಿ ಸಿಕ್ಕರೆ ಅದನ್ನೇ ಹಾಕಿಸಿ ಅಂತಲೇ ನಾನು ಹೇಳಿರುವುದು. ಶೆಡ್ಡಿನ ಮೇಲೆ ಜಾಗ ಧಾರಾಳ ಇದೆ.

ಯಾವುದೇ ಹಾಕಿಸಿ, ಕೂರಿಸುವ ಮುಂಚೆ ಪ್ರತಿ ಪ್ಯಾನಲ್‌ನ ಬೆನ್ನಿಗಿರುವ ಸ್ಟಿಕ್ಕರ್ ಫೋಟೋ ತೆಗೆದುಕೊಳ್ಳಿ. ಸೀರಿಯಲ್ ನಂಬರ್, ಮಾಡೆಲ್ ಎಲ್ಲ ಅದರಲ್ಲೇ ಇರುತ್ತೆ. ಮುಂದೆ ಹಳೆಯ ಪ್ಯಾನಲ್ ವಾಪಸ್ ತಗೊಳ್ಳಿ ಅಂತ ಕಂಪನಿಯನ್ನು ಕೇಳಲು ಅದು ಬೇಕು. ನಾನು ಮರೆತೆ. ಸ್ಟ್ರಕ್ಚರ್ ಎತ್ತರ ಇಳಿಸಿದ್ದರಿಂದ ಈಗ ಕೆಳಗೆ ತೂರಲು ಆಗಲ್ಲ. ಸೆಲ್ಫಿ ಕೋಲಿಗೆ ಫೋನ್ ಕಟ್ಟಿ, ಅಂಗಾತ ಮಲಗಿ, ಎಂಟರಲ್ಲಿ ಐದರದ್ದು ತೆಗೆದಿದ್ದೇನೆ.